ಯಾರ ಹೆಸರನ್ನೂ ಹೇಳದ ಉಪದೇಶಿಗಳು

ಚಿಮಿಣಿ ಎಣ್ಣೆ ಡಬ್ಬಿಯ ತಗಡನ್ನು ಸುರುಳಿ ಸುತ್ತಿ ಬೆಸೆದ ಒಂದು ಕೊಂಬು ನನ್ನ ಮೇಜಿನ ಮೇಲಿದೆ. ಸಣ್ಣ ತುದಿ ಬಾಯಿಗೆ, ಅಗಲದ ತುದಿ ಊರಿಗೆ. ಸಣ್ಣ ತುದಿಗೆ ಮೂಗು ಹಿಡಿದರೆ ಈಗಲೂ ನಶ್ಯದ ವಾಸನೆ. ನಿನ್ನೆ ಹಾಗೆ ಮೂಸಿ ನೋಡಿ ನಾಲ್ಕು ಸಲ ಸೀನಿದೆ. "ಇದು ಯಾರ ಸೀನು?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಅವಳು ಕೇಳಿದ್ದು ಸರಿಯೇ. ನಮ್ಮ ಮನೆಯಲ್ಲಿ ನಾನು ಕೆಮ್ಮಿದರೂ ಅದು ನನ್ನ ಕೆಮ್ಮೇ ಎಂಬ ಖಾತ್ರಿ ಯಾರಿಗೂ ಇಲ್ಲ.

ಸೀನು ಉಪದೇಶಿಗಳದ್ದು...

ಪೆರಾಬೆಯ ಆಚೆ, ಗುಡ್ಡದ ಮೇಲೆ ನಮ್ಮ ಕ್ರೈಸ್ತರ ಹತ್ತಿಪ್ಪತ್ತು ಮನೆಗಳು, ನಡುವೆ ಮುಳಿಹುಲ್ಲು ಹೊದಿಸಿದ ಮಾಡಿನ ಪ್ರಾರ್ಥನಾ ಮಂದಿರ. ಪಾದ್ರಿ ಅಯ್ಯನವರು ಪುತ್ತೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರ ಪ್ರಾರ್ಥನೆ ನಡೆಸಿ ಬೋಧಿಸುವುದು ಉಪದೇಶಿಗಳ ಕೆಲಸ. ಮಂದಿರಕ್ಕೆ ಗಂಟೆ ಇರಲಿಲ್ಲ. ಅವರು ಅಂಗಳದಲ್ಲಿ ನಿಂತು ಈ ಕೊಂಬಿನಲ್ಲಿ "ಸಭೆಯ ಮಕ್ಕಳೇ, ಬನ್ನಿ" ಎಂದು ಕೂಗುತ್ತಿದ್ದರು. ನಶ್ಯದ ದೆಸೆಯಿಂದ "ಮಕ್ಕಳೇ"ಗೂ "ಬನ್ನಿ"ಗೂ ನಡುವೆ ಒಂದು ಸೀನು ತಪ್ಪುತ್ತಿರಲಿಲ್ಲ.

ನನಗೆ ಆಗ ಇಪ್ಪತ್ತೊಂದು. ಕೆಲಸ ಇರಲಿಲ್ಲ, ಕಂಠ ಇತ್ತು. ಅಯ್ಯನವರ ಮೂಗಿನ ರಾಗ, ಹೊಳೆಯಾಚೆಯಿಂದ ಮೀನು ತರುವ ಮುಸಲ್ಮಾನ ಬ್ಯಾರಿಗಳ ಕೂಗು, ಮಿಶನ್ ಶಾಲೆಯ ಮಾಸ್ತರಿಕೆ ಕೇಳಲು ಹೋಗಿ ತೊದಲಿ ಬಂದ ನನ್ನದೇ ಅವಸ್ಥೆ, ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದೆ. ಉಪದೇಶಿಗಳನ್ನು ಸೀನು ಸಮೇತ ಮಾಡಿದಾಗ ಎಲ್ಲರಿಗಿಂತ ಮೊದಲು ನಕ್ಕವರು ಅವರೇ. "ನನಗಿಂತ ನೀನೇ ಚಂದ ಕರೀತಿ ಮಾರಾಯ. ಬೇಕಾದ್ರೆ ಕೊಂಬು ತಕ್ಕೊ."

ಆ ವರ್ಷ ಎರಡನೇ ಸಲದ ದೊಡ್ಡ ಓಟು ಬಂತು. ಆಗ ಚೀಟಿಗೆ ಮುದ್ರೆ ಒತ್ತುವ ಕ್ರಮವಿರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಮರೆಯಲ್ಲಿ ನಿಂತು ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಕೋಳಿ ಗುರುತಿನವನ ಜನ ಉಪದೇಶಿಗಳ ಬಳಿ ಬಂದು, ಸಭೆಯ ಓಟೆಲ್ಲ ತಮಗೆ ಬಿದ್ದರೆ ಮಂದಿರದ ಮಾಡಿಗೆ ಹೆಂಚು ತಮ್ಮದು ಎಂದರು. ಉಪದೇಶಿಗಳು ಅದನ್ನು ಮುಚ್ಚಿಡದೆ ಭಾನುವಾರ ಎಲ್ಲರೆದುರು ಹೇಳಿದರು.

"ಹೆಂಚು ಬೇಡ ಅಂತ ಅಲ್ಲ. ಓಟಿಗೆ ಹೆಂಚು ಬೇಡ. ಪೆಟ್ಟಿಗೆಯ ಎದುರು ನಿಂತಾಗ ಈ ಮಾಡನ್ನು ನೆನಸಬೇಡಿ. ಹೊಳೆ ದಾಟ್ಲಿಕ್ಕೆ ಒಂದು ಸಂಕ ಇಲ್ಲದೆ ಬ್ಯಾರಿಗಳ ಮಗು ನೀರು ಪಾಲಾಯ್ತಲ್ಲ, ಅದನ್ನು ನೆನಸಿ. ಯಾರು ಗೆದ್ದರೆ ಅಂಥ ಮಗು ದಾಟಿ ಬರ್ತದೆ ಅಂತ ಪ್ರಾರ್ಥನೆ ಮಾಡಿ ಹಾಕಿ. ನಮ್ಮ ನೆರೆಯವ ಅಂದ್ರೆ ನಮ್ಮ ಮಂದಿರಕ್ಕೆ ಬರುವವ ಮಾತ್ರ ಅಲ್ಲ."

"ಅದು ಯಾರು ಉಪದೇಶಿಗಳೆ? ಹೆಸರು ಹೇಳಿಬಿಡಿ," ಎಂದಳು ನನ್ನ ಅಜ್ಜಿ.

"ಹೇಳ್ಲಿಕ್ಕಿಲ್ಲ ಅಮ್ಮ. ದೇವರು ನಿಮಗೂ ಒಂದು ಮನಸ್ಸಾಕ್ಷಿ ಕೊಟ್ಟಿದ್ದಾನೆ. ನನ್ನದು ಎಂತಕ್ಕೆ?"

ಅಜ್ಜಿ ಅಂಗಳಕ್ಕೆ ಬಂದವಳೇ, "ಪೆಟ್ಟಿಗೆ ತೋರಿಸದ ಉಪದೇಶ ಎಂತ ಉಪದೇಶ!" ಎಂದು ಗೊಣಗಿದಳು.

ಓಟಿನ ಹಿಂದಿನ ದಿನ ಮಧ್ಯಾಹ್ನ ನಾಲ್ಕರ ಹೊತ್ತು. ಉಪದೇಶಿಗಳು ಎಂದಿನಂತೆ ಒಬ್ಬರೇ ಪ್ರಾರ್ಥನೆಗೆಂದು ಗುಡ್ಡದ ಹಿಂದೆ, ಕೊಂಬಿನ ಕೂಗೂ ಮುಟ್ಟದ ಬಂಡೆಗೆ ಹೋಗಿದ್ದರು. ನಾನು ಕೊಂಬು ಎತ್ತಿಕೊಂಡು ಗೇರುಮರಗಳ ಮರೆಯಲ್ಲಿ ನಿಂತೆ. ತಮಾಷೆಗೆ ಎಂದು ಈಗಲೂ ಹೇಳಿಕೊಳ್ಳಬಹುದು. ಆದರೆ ಹಿಂದಿನ ಮಳೆಗಾಲ ಪೂರ್ತಿ ಆ ಮಾಡು ಸೋರಿದ್ದು ನಾನು ಕೂರುವ ಜಾಗಕ್ಕೇ. "ಸಭೆಯ ಮಕ್ಕಳೇ... ಆಕ್ಷೀ... ನಾಳೆ ಕೋಳಿ ಪೆಟ್ಟಿಗೆ." ಮೂರು ದಿಕ್ಕಿಗೆ ತಿರುಗಿ ಮೂರು ಸಲ ಕೂಗಿದೆ.

ಮನೆಗೆ ಬಂದರೆ ಅಜ್ಜಿ ನನಗೇ ಸುದ್ದಿ ಹೇಳಿದಳು. "ಕೇಳಿದಿಯಾ? ಕಡೆಗೂ ಬಾಯಿ ಬಿಟ್ರು!"

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸ್ವಂತ ಅಜ್ಜಿಯನ್ನೇ ಮೋಸಗೊಳಿಸಿದ ಕಂಠದ ಮೇಲೆ ನನಗೆ ಎಂಥ ಹೆಮ್ಮೆ...

ಮರುದಿನ ಗುಡ್ಡದ ಮಂದಿ ಸಾಲಾಗಿ ಹೋಗಿ ಕೋಳಿ ಪೆಟ್ಟಿಗೆಗೆ ಹಾಕಿ ಬಂದರು. ಉಪದೇಶಿಗಳೇ ಕೂಗಿ ಹೇಳಿದ್ದೆಂದು ದಾರಿಯುದ್ದಕ್ಕೂ ಸಾರಿದರು. ಅದರ ಮರುದಿನ ಬೆಳಿಗ್ಗೆ ಎತ್ತಿನ ಗಾಡಿ ತುಂಬ ಹೆಂಚು ಬಂತು.

"ಇದು ಯಾಕೆ ಬಂತು?" ಉಪದೇಶಿಗಳು ಗಾಡಿಗೆ ಅಡ್ಡ ನಿಂತು ಕೇಳಿದರು.

"ನೀವೇ ಕೊಂಬಿನಲ್ಲಿ ಹೇಳಿದ್ರಂತಲ್ಲ ಸ್ವಾಮಿ, ಕೋಳಿಗೆ ಹಾಕ್ಲಿಕ್ಕೆ!" ಎಂದ ಗಾಡಿಯವ.

ಅವರು ತಲೆಯೆತ್ತಿ ಗುಂಪಿನಲ್ಲಿ ಹುಡುಕಿದರು. ನಾನು ಸಿಕ್ಕಿದೆ. ಆ ನೋಟದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಗಾಡಿಯನ್ನು ಹಾಗೇ ತಿರುಗಿಸಿ ಕಳಿಸಿದರು. ಅದು ಗುಡ್ಡ ಹತ್ತಿದ್ದನ್ನು ಊರೆಲ್ಲ ಮಾತಾಡಿತು. ಇಳಿದದ್ದನ್ನು ಯಾರೂ ಮಾತಾಡಲಿಲ್ಲ.

ಕೋಳಿಯವನು ಸೋತ. ಗೆದ್ದವರ ಕಡೆಯವರು ಪುತ್ತೂರಿಗೆ ಹೋಗಿ, ಉಪದೇಶಿ ಹೆಂಚಿಗೆ ಸಭೆಯನ್ನು ಮಾರಿದ್ದಾರೆ ಎಂದು ದೂರಿತ್ತರು. ಅಯ್ಯನವರು ಬಂದು ಮಂದಿರದಲ್ಲೇ ವಿಚಾರಣೆ ನಡೆಸಿದರು.

"ಕೂಗಿದ್ದು ನೀವಾ?"

"ಅಲ್ಲ ಅಯ್ಯನವರೆ."

"ಸೀನು ಸಮೇತ ನಾನೇ ಕೇಳಿದ್ದೇನೆ," ಎಂದಳು ಅಜ್ಜಿ.

"ಮತ್ತೆ ಯಾರು? ಗೊತ್ತಿದ್ದರೆ ಹೆಸರು ಹೇಳಿ."

"ಗೊತ್ತುಂಟು. ಆದ್ರೆ ಹೆಸರು ಹೇಳುವ ಕ್ರಮ ನನ್ನಲ್ಲಿಲ್ಲ."

ಅಯ್ಯನವರು ನನ್ನ ಕಡೆ ತಿರುಗಿದರು. "ನೀನು ಇವರ ಹಾಗೆ ಮಾತಾಡ್ತಿಯಂತೆ?"

"ನಾನು ಎಲ್ಲರ ಹಾಗೂ ಮಾತಾಡ್ತೇನೆ ಅಯ್ಯನವರೆ," ಎಂದು ಅವರದೇ ಮೂಗಿನ ರಾಗದಲ್ಲಿ ಹೇಳಿದೆ. ಮಂದಿರವಿಡೀ ನಕ್ಕಿತು. ಅಯ್ಯನವರೂ ನಕ್ಕರು. ಆ ನಗೆಯಲ್ಲಿ ಪ್ರಶ್ನೆ ಮುಳುಗಿಹೋಯಿತು. ಅಯ್ಯನವರೇ ರುಜು ಹಾಕಿದ ಮಾಸ್ತರಿಕೆಯ ಆರ್ಡರು ಆಗ ನನ್ನ ಅಂಗಿಯ ಕಿಸೆಯಲ್ಲಿತ್ತು... ಉಪದೇಶಿಗಳು ಮಾತ್ರ ನೆಲ ನೋಡುತ್ತಾ ಕೊಂಬನ್ನು ಒರೆಸುತ್ತಿದ್ದರು.

ಅವರನ್ನು ಕೆಲಸದಿಂದ ತೆಗೆದರು. ಹೆಂಡತಿ ಉಪದೇಶಿಯಮ್ಮನ ಜೊತೆ ಅವರು ಗುಡ್ಡ ಇಳಿದ ದಿನ ಸಭೆಯವರು ಒಬ್ಬರೂ ಬರಲಿಲ್ಲ. ಟ್ರಂಕು ಹೊತ್ತು ಹೊಳೆ ದಾಟಿಸಿದವರು ಮಗು ಕಳಕೊಂಡ ಆ ಬ್ಯಾರಿಗಳು. "ಎಂತಕ್ಕೆ ಹೋಗುದು ನೀವು?" ಎಂದು ಅವರು ಕೇಳಿದ್ದು ದಡದ ಪೊದೆಯ ಹಿಂದೆ ಅಡಗಿದ್ದ ನನಗೆ ಕೇಳಿಸಿತು. "ಸಂಕ ಆದ ಮೇಲೆ ಬರ್ತೇನೆ," ಎಂದರು ಉಪದೇಶಿಗಳು.

ಸುಳ್ಯದ ಆಚೆ ಎಲ್ಲೋ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು ಬದುಕಿದ್ದಾರೆಂದು ಕೇಳಿದ್ದೆ. ಅರ್ಧ ದಿನದ ಬಸ್ಸಿನ ದಾರಿ. ಹತ್ತು ವರ್ಷ ನನಗೆ ಬಸ್ಸು ಸಿಗಲಿಲ್ಲ. ಕಳೆದ ತಿಂಗಳು ತೀರಿಕೊಂಡರೆಂದು ತಿಳಿದ ದಿನ ಮೊದಲ ಬಸ್ಸೇ ಸಿಕ್ಕಿತು.

ಉಪದೇಶಿಯಮ್ಮ ಕಾಪಿ ಕೊಟ್ಟರು. ಉಪದೇಶಿಗಳದ್ದೊಂದು ಫೋಟೋ ಕೂಡ ಇರಲಿಲ್ಲ ಮನೆಯಲ್ಲಿ. ಗೋಡೆಯ ಮೊಳೆಯಿಂದ ಕೊಂಬು ತೆಗೆದು ನನ್ನ ಕೈಗಿಟ್ಟರು. "ಒಂದು ಸಲ ಅವರ ಹಾಗೆ ಕರೆ ಮಗಾ. ಸ್ವರ ಮರೀತಾ ಬಂತು ನನಗೆ."

ಕರೆದೆ. "ಸಭೆಯ ಮಕ್ಕಳೇ..." ಸೀನು ತಾನಾಗಿ ಬಂತು, ನಶ್ಯಕ್ಕೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಹತ್ತು ವರ್ಷ ಕೇಳಿದೆ, ಯಾರೂಂತ ನನಗೂ ಹೇಳ್ಲಿಲ್ಲ ಅವರು. ಈಗ ಗೊತ್ತಾಯ್ತು," ಎಂದರು. ಮತ್ತೆ ಮೆಲ್ಲಗೆ, "ಕೊಂಬು ನೀನೇ ಇಟ್ಕೊ. ನನಗೆ ಬೇಡ ಇನ್ನು."

ಮೊನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತೆ. "ಆ ಸಲ ಕೊಂಬಿನಲ್ಲಿ ಕೂಗಿದ್ದು ನಾನು. ಉಪದೇಶಿಗಳ ಬಾಯಿಂದ ಯಾರ ಹೆಸರೂ ಬರಲಿಲ್ಲ." ಬೆಂಚಿನಿಂದ ಬೆಂಚಿಗೆ ನಗೆ. "ಯಾರ ಸ್ವರ ಮಾರಾಯ ಇದು? ಹೊಸತು!" ಎಂದ ಒಬ್ಬ.

ಅದು ನನ್ನದೇ ಸ್ವರವಾಗಿತ್ತು.

ಬರುವ ವಾರ ಮತ್ತೆ ಓಟು. ಈಗ ಪೆಟ್ಟಿಗೆ ಒಂದೇ, ಚೀಟಿಗೆ ಮುದ್ರೆ. ಹೊಳೆಗೆ ಸಂಕ ಇನ್ನೂ ಆಗಿಲ್ಲ. ಆಚೆಯ ಮಗುವನ್ನು ನೆನಸಿ ಎಂದು ಹೇಳುವವರು ಮಂದಿರದಲ್ಲಿ ಯಾರೂ ಇಲ್ಲ. ಈ ಭಾನುವಾರವೂ ಎದ್ದು ನಿಲ್ಲುತ್ತೇನೆ, ನಗಲಿ. ಕೊಂಬಿನ ನಶ್ಯದ ವಾಸನೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ... ನಾನು ಮತ್ತೆ ಮತ್ತೆ ಮೂಸುವುದರಿಂದಲೇ ಇರಬೇಕು.