ಹೆದೆಗೆ ಕಟ್ಟಿದ ಕಾಲರು

ಆರ್ನಿ ಮಟ್ಟಿಲಾನ ಬಿಲ್ಲು ಬಾಯಿಬಡುಕ ಬಿಲ್ಲು. ಅದು ಅವನ ಹೆಂಡತಿ ಲೆಂಪಿಗೆ ಗೊತ್ತಿತ್ತು, ಬೇಲಿಯಾಚೆಯ ಕೋಳಿಗಳಿಗೆ ಗೊತ್ತಿತ್ತು, ಕಾಡಿನ ಜಿಂಕೆಗಳಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದವನು ಆರ್ನಿ ಒಬ್ಬನೇ. ಬಾಣ ಬಿಟ್ಟೊಡನೆ ಹೆದೆ ಟಣ್ ಎಂದು ಕೂಗಿಕೊಳ್ಳುತ್ತಿತ್ತು. ಠೇಂಕಾರ ಪುರಾಣದ ವೀರರಿಗೆ ಭೂಷಣವಿರಬಹುದು. ಜಿಂಕೆ ಹೊಡೆಯುವವನಿಗೆ ಅದು ಶನಿ. ಸದ್ದು ಬಾಣಕ್ಕಿಂತ ಮೊದಲೇ ಹೋಗಿ ಮುಟ್ಟುತ್ತದೆ. ನೆಗೆಯಲೆಂದು ಜಿಂಕೆ ಮೈ ಕುಗ್ಗಿಸುತ್ತದೆ, ಎದೆಗೆ ಹೋಗಬೇಕಾದ ಬಾಣ ಬೆನ್ನಿಗೆ ನಾಟುತ್ತದೆ.

ಹಿಂದಿನ ವರ್ಷ ಎಲೆ ಉದುರುವ ಕಾಲದಲ್ಲಿ ಆದದ್ದೂ ಅದೇ. ಒಂದು ಹೆಣ್ಣು ಜಿಂಕೆ ಬೆನ್ನಲ್ಲಿ ಬಾಣ ಹೊತ್ತುಕೊಂಡೇ ಜೌಗು ಕಾಡಿನೊಳಗೆ ಹೊಕ್ಕಿತು. ಗಂಡ ಹೆಂಡತಿ ಇಬ್ಬರೂ ಕೆಸರು ತುಳಿಯುತ್ತ ರಕ್ತದ ಹನಿ ಹುಡುಕಿ ಹುಡುಕಿ ಸುಸ್ತಾದರು. ಕೊನೆಗೆ ಕಾಗೆಗಳು ಸುತ್ತುವ ಕಡೆ ಹೋಗಿ ನೋಡಿದರೆ, ಅಲ್ಲಿ ಮನೆಗೆ ತರುವಂಥದ್ದೇನೂ ಉಳಿದಿರಲಿಲ್ಲ.

"ನನ್ನ ಕೈ ಸೋತಿದೆ," ಅಂದ ಆರ್ನಿ, ಕಾಫಿಯ ಮುಂದೆ ಕೂತು. "ಇನ್ನೊಂದು ಜೀವ ಹೀಗೆ ನರಳಿದ್ರೆ ಈ ಬಿಲ್ಲು ಸೌನಾದ ಒಲೆಗೆ."

ಸೌನಾ ಎಂದರೆ ಅಂಗಳದ ಹಬೆ ಸ್ನಾನದ ಮನೆ. ಆಡಿದರೆ ಮಾಡುವವನೇ ಅವನು. ಮಗಳು ಹೊಟ್ಟೆಯಲ್ಲಿದ್ದಾಗ ಹಿಕರಿ ಮರ ಕೆತ್ತಿ ತಾನೇ ಮಾಡಿಕೊಂಡ ಬಿಲ್ಲು ಅದು. ಸಾಮಿಲ್ಲಿನ ಕೆಲಸದಿಂದ ನಿವೃತ್ತನಾದ ಮೇಲೆ ಕಿಟಕಿ ಪಕ್ಕ ಕೂತು ಕೊರಡಾಗಿದ್ದ ಮನುಷ್ಯನಿಗೆ ಅದನ್ನು ಹಿಡಿದಾಗ ಮಾತ್ರ ಜೀವ ಬರುತ್ತಿತ್ತು. ಅದು ಒಲೆಗೆ ಹೋದರೆ ಇವನೂ ಅದರ ಹಿಂದೆಯೇ ಹೋದ ಹಾಗೆ ಎಂದು ಲೆಂಪಿಗೆ ಭಯ.

ಸೋತದ್ದು ಕೈಯಲ್ಲ, ಕಿವಿ. ಜೀವಮಾನವೆಲ್ಲ ಗರಗಸದ ಪಕ್ಕ ನಿಂತವನು, ಕಿವಿಗೊಂದು ಚೂರು ಹತ್ತಿಯನ್ನೂ ಇಟ್ಟುಕೊಂಡವನಲ್ಲ. ಒಲೆಯ ಮೇಲೆ ನೀರು ಕುದಿದು ಕೆಟಲ್ ಕಿರುಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕೇಳದ ಮಾತಿಗೆಲ್ಲ "ನೀನು ಗೊಣಗ್ತೀಯ" ಎಂದು ತಪ್ಪನ್ನು ಹೆಂಡತಿಯ ತಲೆಗೇ ಕಟ್ಟುತ್ತಿದ್ದ. ಲೆಂಪಿ ಒಮ್ಮೆ ಕಿವಿಯ ಮಾತೆತ್ತಿದ್ದಳು. ಅವತ್ತು ತಟ್ಟೆ ಎತ್ತಿಕೊಂಡು ಹೋಗಿ ಶೆಡ್ಡಿನಲ್ಲಿ ಉಂಡಿದ್ದ ಪುಣ್ಯಾತ್ಮ.

ಮತ್ತೆ ಬೇಟೆಯ ಕಾಲ ಹತ್ತಿರ ಬಂತು. ಲೆಂಪಿಯ ಕಾಟ ತಾಳಲಾರದೆ ಅವನು ಅಂಗಡಿಯಿಂದ ಸದ್ದಡಗಿಸಲು ಹೆದೆಗೆ ಕಟ್ಟುವ ಗೊಂಡೆಗಳನ್ನು ತಂದ. ಮೊದಲು ರಬ್ಬರಿನವು.

"ನೋಡು, ಬೆಕ್ಕು ನಡೆದ ಹಾಗಿದೆ," ಅಂದ ಬಾಣ ಬಿಟ್ಟು.

ಬೆಕ್ಕಲ್ಲ, ತಗಡಿನ ಮೇಲೆ ಕಲ್ಲು ಬಿದ್ದ ಹಾಗಿತ್ತು. ಆಮೇಲೆ ಉಣ್ಣೆಯವು ಬಂದವು. ಸದ್ದು ಸ್ವಲ್ಪ ತಗ್ಗಿತು, ನಿಜ. ಆದರೆ ತುಂತುರು ಮಳೆಗೆ ಅವು ನೀರು ಕುಡಿದು ಭಾರವಾಗಿ, ಬಾಣ ಗುರಿಯ ಕೆಳಗೆ ಬೀಳತೊಡಗಿತು.

"ಎಲ್ಲಾ ಒಂದೇ ಕಣೇ. ಅಂಗಡಿಯೋರ ಹೊಟ್ಟೆಪಾಡು," ಎಂದು ಅವನ್ನೂ ಕಿತ್ತು ಎಸೆದ.

ಇವನನ್ನು ಹೀಗೇ ಕಾಡಿಗೆ ಬಿಟ್ಟರೆ ಇನ್ನೊಂದು ಜಿಂಕೆ ಜೌಗಿನಲ್ಲಿ ಕೊಳೆಯುತ್ತದೆ. ಶನಿವಾರ ಸೌನಾಕ್ಕೆ ಬೆಂಕಿ ಹಾಕಿ ಬಂದು ಲೆಂಪಿ ಬಿಲ್ಲನ್ನು ತಾನೇ ಕೈಗೆತ್ತಿಕೊಂಡಳು.

"ಇವತ್ತು ನಾನು ಹೊಡೀತೀನಿ. ನೀನು ಜಿಂಕೆ ಆಗು."

"ಜಿಂಕೆ ಹೆಂಡತಿ ಕೈಲಿ ಸಾಯ್ಬೇಕಾ?"

"ಸೌನಾ ಗೋಡೆ ಹಿಂದೆ ಕೂತ್ಕೊ ಮಾರಾಯ. ಅಲ್ಲಿ ಎಷ್ಟು ಸದ್ದು ಕೇಳುತ್ತೆ ಹೇಳು."

ಗುರಿಯ ಹುಲ್ಲಿನ ಹೊರೆ ಇದ್ದದ್ದು ಆ ಗೋಡೆಯ ಪಕ್ಕದಲ್ಲಿ. ಆರ್ನಿ ದಪ್ಪ ದಿಮ್ಮಿಗಳ ಆ ಗೋಡೆಯ ಮರೆಯಲ್ಲಿ ಸೌನಾದ ಮೆಟ್ಟಿಲ ಮೇಲೆ ಕೂತು, ನಾಯಿ ಮುಸ್ತಿಯ ಕತ್ತಿನ ಮೇಲೆ ಕೈಯಿಟ್ಟ. ಶಾಲೆಯ ಅಡುಗೆಮನೆಯಲ್ಲಿ ಹಿಟ್ಟು ನಾದಿ ಗಟ್ಟಿಯಾದ ತೋಳು ಲೆಂಪಿಯದು. ಗೊಂಡೆಯಿಲ್ಲದ ಬರಿ ಹೆದೆಯನ್ನು ಗಲ್ಲದವರೆಗೆ ಎಳೆದು ಬಿಟ್ಟಳು. ಟಣ್ ಎಂದಿತು. ಬೇಲಿಯಾಚೆಯ ಕೋಳಿಗಳು ಕೊಕ್ಕೊಕ್ಕೆಂದು ಕೂಗಿದವು.

"ಬಿಡೇ, ಯಾಕೆ ತಡ?" ಆರ್ನಿಯ ಕೂಗು ಬಂತು.

ಅವಳು ಹೊರೆಯಲ್ಲಿ ಆಗಲೇ ನಾಟಿದ್ದ ಬಾಣವನ್ನು ನೋಡಿದಳು. ಇನ್ನೊಂದು ಬಾಣ ಹೂಡಿ ಬಿಟ್ಟಳು.

"ಬಿಡ್ತೀಯೋ, ಇಲ್ಲ ನಿದ್ದೆ ಹೋದ್ಯೋ?"

ಬಿಲ್ಲು ಹಿಡಿದುಕೊಂಡೇ ಅವಳು ಗೋಡೆ ಸುತ್ತಿ ಬಂದಳು.

"ಈ ಮುಸ್ತಿಗೇನಾಗಿದೆ?" ಅಂದ ಆರ್ನಿ. "ಎರಡು ಸಲ ಬೆಚ್ಚಿಬಿತ್ತು, ಕೈಗೇ ತಾಗ್ತು." ಆಮೇಲೆ ಅವಳ ಮುಖ ನೋಡಿದ. ಎದ್ದು ಬಂದು ಹುಲ್ಲಿನ ಹೊರೆ ನೋಡಿದ. ಬಾಣಗಳೆರಡೂ ಅದರಲ್ಲಿದ್ದವು.

"ಯಾವಾಗಿಂದ ಗೊತ್ತಿತ್ತು ನಿನಗೆ?"

"ನಾಯಿಗಿಂತ ಮುಂಚೆ."

ಅವನು ನಗಲಿಲ್ಲ. ಅವಳ ಕೈಯಿಂದ ಬಿಲ್ಲು ಕಿತ್ತುಕೊಂಡು ಸೌನಾದೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ಒಲೆಯ ಕಬ್ಬಿಣದ ಬಾಗಿಲು ಕಿರ್ರೆಂದು ತೆರೆದುಕೊಂಡದ್ದು ಲೆಂಪಿಗೆ ಕೇಳಿಸಿತು. ಕೂಗಬೇಕೆನ್ನಿಸಿತು, ಕೂಗಿದರೆ ಯಾರಿಗೆ ಕೇಳಬೇಕು? ಎಂಥ ಕೆಲಸ ಮಾಡಿಬಿಟ್ಟೆ ಎಂದು ಸೆರಗಿಲ್ಲದ ಆ ಹೆಂಗಸು ಏಪ್ರನ್ನಿನ ಅಂಚನ್ನೇ ಹಿಂಡುತ್ತ ನಿಂತಳು. ಮುಸ್ತಿಯೂ ಬಾಗಿಲನ್ನೇ ನೋಡುತ್ತಿತ್ತು. ಬಹಳ ಹೊತ್ತಾದ ಮೇಲೆ ಒಲೆಯ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಆರ್ನಿ ಹೊರಗೆ ಬಂದ. ಮುಖ ಕೆಂಪಗಾಗಿತ್ತು, ಕೈಯಲ್ಲಿ ಬಿಲ್ಲು ಹಾಗೇ ಇತ್ತು.

"ಹಾಗಾದ್ರೆ," ಅಂದ, "ನನ್ನ ಕೈ ಸೋತಿಲ್ಲ."

ಲೆಂಪಿಗೆ ಅಳು ಬಂತು. ಅದನ್ನು ತೋರಿಸಿಕೊಳ್ಳದೆ ಮನೆಯೊಳಗೆ ಹೋಗಿ ಅಮ್ಮನ ಹಳೆಯ ಕೋಟನ್ನು ತಂದಳು. ಅದರ ಕಾಲರು ಬೀವರ್ ತುಪ್ಪಳದ್ದು. ನೀರಲ್ಲೇ ಬಾಳುವ ಪ್ರಾಣಿ, ಮಳೆಗೆ ಅದರ ತುಪ್ಪಳ ಜಗ್ಗುವುದಿಲ್ಲ. ಮನಸ್ಸು ಬದಲಾಗುವ ಮೊದಲೇ ಕತ್ತರಿ ಹಾಕಿದಳು. ಸಣ್ಣ ಪಟ್ಟಿಗಳನ್ನು ಹೆದೆಗೆ ಮೇಲೊಂದು, ಕೆಳಗೊಂದು ಸುತ್ತಿ ಕಟ್ಟಿದಳು.

"ನಿಮ್ಮಮ್ಮ ಬದುಕಿದ್ದಾಗ ನನ್ನ ಬಾಯಿ ಮುಚ್ಚಿಸ್ತಿದ್ಲು," ಅಂದ ಆರ್ನಿ. "ಈಗ ಬಿಲ್ಲಿನ ಬಾಯಿ ಮುಚ್ಚಿಸ್ತಾಳೆ."

ಅವನು ಮತ್ತೆ ನಾಯಿಯ ಪಕ್ಕ ಕೂತ, ಅವಳು ಮತ್ತೆ ಬಾಣ ಬಿಟ್ಟಳು. ಮುಸ್ತಿ ಮೆಟ್ಟಿಲಿನಿಂದ ತಲೆಯನ್ನೂ ಎತ್ತಲಿಲ್ಲ.

ಅಂಗಳದ ನಾಯಿ ಬೇರೆ, ಕಾಡಿನ ಜಿಂಕೆ ಬೇರೆ. ಬೇಟೆ ಶುರುವಾದಾಗ ಲೆಂಪಿ ಅವನ ಜೊತೆಗೇ ಹೊರಟಳು. ಉರುಳಿಬಿದ್ದ ಮರದ ಮರೆಯಲ್ಲಿ ಅವನು ಮುಂದೆ, ಅವಳು ಹಿಂದೆ ಕೂತರು. ಗಾಳಿ ಸತ್ತುಹೋಗಿತ್ತು. ಇಂಥ ದಿನ ಸೂಜಿ ಬಿದ್ದರೂ ಜಿಂಕೆಗೆ ಕೇಳುತ್ತದೆ. ಎಡಗಡೆ ಒಣ ಎಲೆ ಸರಕ್ ಎಂದಿತು. ಲೆಂಪಿ ಅವನ ಬೆನ್ನ ಎಡಭಾಗವನ್ನು ಬೆರಳಿನಿಂದ ಒತ್ತಿದಳು. ಅವನು ಮೆಲ್ಲಗೆ ತಿರುಗಿದ. ಹೆಣ್ಣು ಜಿಂಕೆ. ನಡೆದು ಬಂದು ನಿಂತಿತು, ಕಿವಿಗಳೆರಡೂ ಇವರ ಕಡೆಗೇ ತಿರುಗಿದವು. ಏನನ್ನೋ ಅನುಮಾನಿಸಿ ಒಂದು ಕಾಲೆತ್ತಿತು. ಆರ್ನಿ ಎಳೆದ. ಅವನ ತೋಳು ಅಲುಗಲಿಲ್ಲ. ಬಾಣ ಬಿಟ್ಟ.

ಜಿಂಕೆ ಮೈ ಕುಗ್ಗಿಸಲಿಲ್ಲ. ಬಾಣ ತಾಗಿದ ಮೇಲೆಯೇ ಛಂಗನೆ ನೆಗೆದು ಪೊದೆಯ ಹಿಂದೆ ಓಡಿತು.

ಆರ್ನಿಯ ಮುಖ ಬಿಳುಚಿಕೊಂಡಿತು. ಅವನ ಕಣ್ಣು ಜೌಗಿನ ಕಡೆಗೇ ಇತ್ತು. "ಹೋಯ್ತಾ?"

ಲೆಂಪಿ ಉಸಿರು ಹಿಡಿದು ಆಲಿಸಿದಳು. ಕೊಂಬೆ ಮುರಿಯಿತು, ಏನೋ ಭಾರವಾಗಿ ನೆಲಕ್ಕೆ ಬಿತ್ತು, ಆಮೇಲೆ ಏನೂ ಇಲ್ಲ. ಅವನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿ ಕಾಣುವ ಹಾಗೆ ಹೇಳಿದಳು. "ಬಿತ್ತು. ಅಲ್ಲೇ ಬಿತ್ತು."

ಅವನು ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಹೆದೆಯ ತುಪ್ಪಳವನ್ನು ಹೆಬ್ಬೆರಳಿನಿಂದ ಸವರಿದ.

"ಇದು? ಇದು ಸದ್ದು ಮಾಡ್ತಾ?"

"ನಿನಗೆ ಎಷ್ಟು ಕೇಳಿಸ್ತೋ ನನಗೂ ಅಷ್ಟೇ ಕಣೋ," ಅಂದಳು ಲೆಂಪಿ.