ಮೈಸೂರಿನಲ್ಲಿಲ್ಲದ ಹಕ್ಕಿ

ನನಗೆ ಕ್ಷಯ ಎಂದು ಗೊತ್ತಾದ ದಿನ ನನ್ನ ಗಂಡ ಮೊದಲು ಕೇಳಿದ್ದು, "ಬೇರೆ ಯಾರಿಗೂ ಹೇಳಿಲ್ಲ ತಾನೆ?" ಎಂದು. ಅವರು ನೈರೋಬಿಯ ಒಂದು ಔಷಧಿ ಕಂಪನಿಯಲ್ಲಿ ಮ್ಯಾನೇಜರ್. ಊರಿಗೆಲ್ಲ ಮಾತ್ರೆ ಹಂಚುವವರ ಮನೆಯಲ್ಲೇ ಕ್ಷಯ, ಅದೂ ಮಾಮೂಲು ಮಾತ್ರೆಗೆ ಬಗ್ಗದ ಜಾತಿಯದು. ಅಲ್ಲಿನ ಕನ್ನಡದವರಲ್ಲಿ ಬೆಳಿಗ್ಗೆ ಸೀನಿದರೆ ಸಂಜೆಯೊಳಗೆ ನಾಲ್ಕು ಮನೆಯಿಂದ ಕಷಾಯದ ಸಲಹೆ ಬರುತ್ತಿತ್ತು. ಹಾಗಾಗಿ ನಾನು ಮೈಸೂರಿಗೆ ಹೋದೆ. ಅಂದರೆ, ತಾಯಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋಗಿದ್ದಾಳೆ ಎಂದು ಅವರು ಎಲ್ಲರಿಗೂ ಹೇಳಿದರು. ನಾನು ಹೋದದ್ದು ನೈರೋಬಿಯಲ್ಲೇ, ನ್ಗಾರಾ ಬಡಾವಣೆಯ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಕ್ಷಯದ ವಾರ್ಡಿಗೆ.

ಎಂಟು ವರ್ಷದ ಮಗಳಿಗೂ ಅದನ್ನೇ ಹೇಳಿದೆವು. ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. "ಅವಳಿಗೆ ಹೇಳಿದ್ರೆ ಸ್ಕೂಲ್ ಬಸ್ಸಲ್ಲೇ ಅನೌನ್ಸ್ ಆಗುತ್ತೆ ಅಷ್ಟೆ" ಎಂದರು ಇವರು. ನಾನೂ ಒಪ್ಪಿದೆ. ನಾನು ಮೈಸೂರಿಗೆ ಹೋಗಿದ್ದೇನೆಂದು ತಿಳಿದ ಹೆಂಗಸರು ಇವರ ಮೂಲಕ ಬೇಡಿಕೆ ಕಳಿಸಿದರು: ಸಾಂಬಾರ್ ಪುಡಿ, ಗಂಧದ ಕಡ್ಡಿ. ಒಬ್ಬಾಕೆಗಂತೂ ಶಾವಿಗೆ ಒತ್ತುವ ಒರಳೇ ಬೇಕಾಗಿತ್ತು. ರಕ್ತ ಕೆಮ್ಮುತ್ತಾ ಇದನ್ನು ಕೇಳಿ ನಕ್ಕಿದ್ದು ನೆನಪಿದೆ.

ವಾರ್ಡಿನ ಕಿಟಕಿಗಳನ್ನು ಯಾವಾಗಲೂ ತೆರೆದೇ ಇಡಬೇಕು. ಗಾಳಿಯೇ ಅರ್ಧ ಔಷಧ ಎಂಬುದು ನರ್ಸುಗಳ ಮಂತ್ರ. ನೈರೋಬಿಗೆ ಜುಲೈಯೇ ಚಳಿಗಾಲ; ಆ ಚಳಿಗೆ ನಾವು ಮುಚ್ಚುವುದು, ಅವರು ಬಂದು ತೆರೆಯುವುದು. ನನ್ನನ್ನು ನೋಡಿಕೊಳ್ಳುತ್ತಿದ್ದ ನರ್ಸು ಐವತ್ತರ ಆಸುಪಾಸಿನ ದಪ್ಪ ಹೆಂಗಸು, ಮಾತಿನಲ್ಲಿ ಖಾರ. ಮಾತ್ರೆ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವಳು. ಆಮೇಲೆ ಸೂಜಿ. ಚುಚ್ಚಿದಾಗಲೆಲ್ಲ "ಪೋಲೆ, ಪೋಲೆ" ಎನ್ನುವಳು. ಸ್ವಾಹಿಲಿಯಲ್ಲಿ ಅಯ್ಯೋ ಪಾಪ ಎಂದು ಅದರರ್ಥ. ಪಾಪ ಎನ್ನುತ್ತಲೇ ಸೂಜಿಯನ್ನು ಪೂರ್ತಿ ಇಳಿಸುವಳು.

ಸೂಜಿಯ ಮದ್ದು ನನ್ನ ಕಿವಿಯನ್ನು ತಿನ್ನತೊಡಗಿತು. ಮೊದಲು ಒಳಗೇ ಕುಕ್ಕರ್ ಕೂಗಿದಂಥ ಸದ್ದು. ಆಮೇಲೆ ಚಮಚ ತಟ್ಟೆಗೆ ತಾಗಿದ್ದು ಕೇಳಿಸಲಿಲ್ಲ. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ: ಸೂಜಿ ನಿಲ್ಲಿಸಿದರೆ ಉಳಿದಷ್ಟು ಕಿವಿ ಉಳಿದೀತು, ಆದರೆ ರೋಗ ತಿರುಗಿ ಬಿದ್ದರೆ ಕೊಡಲು ತಮ್ಮ ಬಳಿ ಬೇರೆ ಮದ್ದಿಲ್ಲ. ಅತ್ತ ದರಿ, ಇತ್ತ ಪುಲಿ. ಅದೇ ವಾರ ಪಕ್ಕದ ಮಂಚದ ಹಾಸಿಗೆ ಅಂಗಳದ ಬಿಸಿಲಿಗೆ ಬಿದ್ದಿತ್ತು. ನಮ್ಮಲ್ಲಿ ಯಾರು ಸತ್ತರೆಂದು ಯಾರೂ ಹೇಳುತ್ತಿರಲಿಲ್ಲ, ಹಾಸಿಗೆ ನೋಡಿ ತಿಳಿದುಕೊಳ್ಳಬೇಕಿತ್ತು. ಸೊಪ್ಪು ಮಾರುತ್ತಿದ್ದ ಆ ಹೆಂಗಸು ಹಿಂದೊಮ್ಮೆ ಮದ್ದನ್ನು ಅರ್ಧಕ್ಕೇ ಬಿಟ್ಟು ಮನೆಗೆ ಹೋಗಿದ್ದವಳು. ಸೂಜಿ ಮುಂದುವರಿಸಿ ಎಂದೆ.

ಭಾನುವಾರ ನಾಲ್ಕು ಗಂಟೆಯ ಹೊತ್ತಿಗೆ ಇವರು ಫೋನು ಹಚ್ಚಿ ಮಗಳ ಕೈಗೆ ಕೊಡುತ್ತಿದ್ದರು. ಅವಳದ್ದು ಇಂಗ್ಲಿಷು, ನನ್ನದು ಕನ್ನಡ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ. ಮೈಸೂರಿನ ಗಡಿಯಾರ ಎರಡೂವರೆ ಗಂಟೆ ಮುಂದೆ ಎಂಬುದನ್ನು ಮರೆಯದೆ ಸುಳ್ಳು ಹೇಳಬೇಕು. ಅಂಥ ಒಂದು ಭಾನುವಾರ ಅವಳು, ಯಾವತ್ತೂ ಇಲ್ಲದ್ದು, ಕನ್ನಡದಲ್ಲೇ ಕೇಳಿದಳು, "ಅಲ್ಲಿ ಕತ್ತಲಾಯ್ತಾ ಅಮ್ಮ?" ಅಮ್ಮನಿಗೆ ಖುಷಿಯಾಗಲಿ ಎಂದು ಅಭ್ಯಾಸ ಮಾಡಿಕೊಂಡಿದ್ದಳೋ ಏನೋ. ಆಗ್ತಾ ಬಂತು ಪುಟ್ಟಿ, ಅಜ್ಜಿ ದೀಪ ಹಚ್ಚಿದ್ರು ಎಂದೆ. ಎದುರಿನ ಗೋಡೆಯ ಮೇಲೆ ನೈರೋಬಿಯ ಬಿಸಿಲು ರಾಚುತ್ತಿತ್ತು.

ಮುಂದಿನ ಭಾನುವಾರ ನಾನು ಮೈಸೂರಿನ ಮಾರುಕಟ್ಟೆಯ ಕಥೆ ಕಟ್ಟಿ ಹೇಳುತ್ತಿದ್ದಾಗ ನರ್ಸು ಬಂದು ಫೋನು ಕಿತ್ತುಕೊಂಡಳು. ಪರದೆಯನ್ನು ನನ್ನ ಮುಖದ ಮುಂದೆ ಹಿಡಿದಳು. ಕರೆ ಯಾವಾಗಲೋ ಕಡಿದಿತ್ತು. ಆ ಕಡೆ ಯಾರೂ ಇಲ್ಲದ ಫೋನಿಗೆ ನಾನು ಮಲ್ಲಿಗೆ ಹೂವಿನ ಮಾತು ಹೇಳುತ್ತಾ ಕೂತಿದ್ದೆ. ನಾಚಿಕೆಗಿಂತ ಹೆಚ್ಚಾಗಿ ನನಗೆ ಹೆದರಿಕೆಯಾಯಿತು.

ಅವಳು ಒಂದು ದಾರಿ ಹುಡುಕಿದಳು. ವಾರ್ಡಿನೊಳಗೆ ನರ್ಸುಗಳು ಮುಖಕ್ಕೆ ಮಾಸ್ಕ್ ಹಾಕಿರುತ್ತಿದ್ದರಿಂದ ನನಗೆ ತುಟಿ ಓದಲು ಆಗುತ್ತಿರಲಿಲ್ಲ. ಮುಂದಿನ ವಾರ ನನ್ನನ್ನು ಹಿಂದಿನ ಹುಲ್ಲಿನಂಗಳಕ್ಕೆ ಕರೆದೊಯ್ದಳು. ಒಂದು ಹಿಡಿ ಒಣಹುಲ್ಲು ಕಿತ್ತು ಮೇಲೆ ತೂರಿದಳು. ಅದು ನನ್ನ ಕಡೆಗೆ ಹಾರಿತು. ಗಾಳಿ ತನ್ನ ಬೆನ್ನಿಗಿದೆ ಎಂದು ಖಾತ್ರಿಯಾದ ಮೇಲೆ ದೂರ ನಿಂತು ಮಾಸ್ಕ್ ಇಳಿಸಿದಳು. ಇಷ್ಟು ತಿಂಗಳಲ್ಲಿ ಅವಳ ಬಾಯಿ ನೋಡಿದ್ದು ಅದೇ ಮೊದಲು. ಫೋನು ನಮ್ಮಿಬ್ಬರ ನಡುವಿನ ಕಲ್ಲುಬೆಂಚಿನ ಮೇಲೆ, ಸ್ಪೀಕರ್ ಹಾಕಿಕೊಂಡು. ಮಗಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳು ಸದ್ದಿಲ್ಲದೆ ತುಟಿಯಲ್ಲಿ ಆಡಿ ತೋರಿಸುವಳು, ನಾನು ಬಗ್ಗಿ ಉತ್ತರಿಸುವೆ. ಶಾಲೆಯಲ್ಲಿ ಈಜು ಕಲಿಸುತ್ತಿದ್ದಾರಂತೆ, ಅಪ್ಪನ ಉಪ್ಪಿಟ್ಟು ಚೆನ್ನಾಗಿಲ್ಲವಂತೆ. ಆ ತುಟಿಗಳಿಗೆ ಕೈಮುಗಿಯಬೇಕೆನಿಸಿತು.

ಆಗ ಅವಳ ಹಿಂದೆ ಹುಲ್ಲಿನಿಂದ ಹಡಾಡಾ ಹಕ್ಕಿಗಳು ಎದ್ದವು. ಉದ್ದ ಕೊಕ್ಕಿನ ಬೂದು ಹಕ್ಕಿಗಳು, ಅವುಗಳ ಕೂಗೇ ಅವುಗಳ ಹೆಸರು. ನೈರೋಬಿಯಲ್ಲಿ ಬೆಳಗಿನ ನಿದ್ದೆ ಕೆಡಿಸುವುದು ಅವೇ. ನಾನು ಶಪಿಸುತ್ತಾ ಎದ್ದರೆ ಮಗಳು ಕಿಟಕಿಯಲ್ಲಿ ನಿಂತು ಅವುಗಳಂತೆಯೇ ಅರಚುತ್ತಿದ್ದಳು. ಈಗ ಕೊಕ್ಕು ತೆರೆದುಕೊಂಡೇ ನನ್ನ ತಲೆಯ ಮೇಲೆ ಹಾದು ಹೋದವು. ನನಗೆ ಏನೂ ಕೇಳಿಸಲಿಲ್ಲ.

ನರ್ಸಿನ ತುಟಿ ನಿಂತುಹೋಯಿತು. ಅವಳು ಬೆಂಚನ್ನೇ ನೋಡುತ್ತಿದ್ದಳು. ಏನು, ಏನಂದಳು ಎಂದು ಕೈಸನ್ನೆ ಮಾಡಿದೆ. ಒಂದೊಂದೇ ಮಾತು ಬಿಡಿಸಿ ತೋರಿಸಿದಳು. ಹಡಾಡಾ ಕೂಗಿತು ಅಂತಿದ್ದಾಳೆ. ಮೈಸೂರಲ್ಲಿ ಆ ಹಕ್ಕಿ ಇಲ್ಲ, ಅಲ್ಲಿಗೆ ಹೋದಾಗ ನಾನು ನೋಡಿದ್ದೀನಿ ಅಂತಿದ್ದಾಳೆ. ನೀನು ಇಲ್ಲೇ ಇದ್ದೀಯಂತೆ. ಆಮೇಲೆ ಮಗಳ ಮಾತನ್ನೇ ಇದ್ದ ಹಾಗೆ: "ಆರ್ ಯು ಆಂಗ್ರಿ ವಿತ್ ಮಿ?"

ನಾನು ಮಂಡಿಯೂರಿ ಫೋನಿಗೆ ಎಲ್ಲ ಹೇಳಿದೆ. ಕಾಯಿಲೆ ಕಂದ, ಸಿಟ್ಟಲ್ಲ, ಇಲ್ಲೇ ಇದ್ದೀನಿ, ಹೌದು, ಇಲ್ಲೇ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೇ ಗೊತ್ತಿಲ್ಲ. ಉತ್ತರಕ್ಕೆ ತಲೆಯೆತ್ತಿದಾಗ ನರ್ಸು ಬೆನ್ನು ತಿರುಗಿಸಿ ನಿಂತಿದ್ದಳು.

ನನ್ನ ಶ್ವಾಸಕೋಶ ವಾಸಿಯಾಯಿತು. ಮಗಳಿಗೆ ಈಗ ಕನ್ನಡ ಚೆನ್ನಾಗಿ ಬರುತ್ತದೆಯಂತೆ, ಇವರು ಬರೆದು ತೋರಿಸುತ್ತಾರೆ. ಅವಳ ದನಿ ಹೇಗೆ ಬೆಳೆದಿದೆಯೋ ನಾನು ಕಾಣೆ. ನನ್ನ ಹತ್ತಿರ ಉಳಿದಿರುವುದು ಅವಳ ಒಂದೇ ಕನ್ನಡ ಮಾತು, ಅದೂ ಮೈಸೂರಿನಲ್ಲಿರುವ ಅಮ್ಮನನ್ನು ಕೇಳಿದ್ದು: ಅಲ್ಲಿ ಕತ್ತಲಾಯ್ತಾ?