ಎದುರು ಕೋಣೆಯ ನೋಟ್‌ಬುಕ್ ಡಾಕ್ಟರು

ನಮ್ಮ ಮೂತ್ರರೋಗ ವಿಭಾಗದಲ್ಲಿ ಮೂತ್ರಪಿಂಡದ ಕಲ್ಲು ತೆಗೆಯುವವರಿಗೆ ಹೆಸರಿದೆ, ಗೆಡ್ಡೆ ಕತ್ತರಿಸುವವರಿಗೆ ಬಿರುದಿದೆ. ಮೂತ್ರಕೋಶ ತುಂಬುವ ಮೊದಲೇ ‘ಏಳು, ಓಡು’ ಎಂದು ಅವಸರಪಡಿಸುವ ಕಾಯಿಲೆಯನ್ನು ನೋಡುವವರಿಗೆ ಎರಡೂ ಇರಲಿಲ್ಲ. ವ್ಯಾಯಾಮಕ್ಕೂ ಮಾತ್ರೆಗೂ ಬಗ್ಗದ ಇಂಥ ರೋಗಿಗಳಿಗಾಗಿ ಮೂವತ್ತೊಂದು ವರ್ಷ ದುಡಿದು, ಈಗ ನಿವೃತ್ತರಾಗುತ್ತಿರುವ ನಮ್ಮ ನೋಟ್‌ಬುಕ್ ಡಾಕ್ಟರನ್ನು ಅಭಿನಂದಿಸುವ ಭಾಗ್ಯ ನನ್ನದಾಗಿದೆ. ಭಾಗ್ಯದ ಜೊತೆ ಹೊಟ್ಟೆಕಿಚ್ಚೂ ಇದೆಯೆಂದು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತನಾಲ್ಕು ವರ್ಷ ಅವರ ಎದುರು ಕೋಣೆಯಲ್ಲಿ ಕುಳಿತು, ನನ್ನ ಬಾಗಿಲ ಬೆಂಚು ಖಾಲಿಯಾದರೂ ಅವರ ಬೆಂಚು ತುಂಬಿಯೇ ಇರುವುದನ್ನು ಕಂಡವನು ನಾನು.

ಹೊಸ ರೋಗಿ ಬಂದರೆ ಅವರು ಔಷಧದ ಚೀಟಿಗೆ ಮೊದಲು ಒಂದು ನೋಟ್‌ಬುಕ್ ಕೊಡುತ್ತಿದ್ದರು. ಮೂರು ದಿನ ಏನು ಕುಡಿದಿರಿ, ಯಾವಾಗ ಎದ್ದಿರಿ, ಎಷ್ಟು ಹೋಯಿತು, ಎಲ್ಲವನ್ನೂ ಬರೆದು ತರಬೇಕು. ಅದನ್ನು ಅವರು ಬೆರಳಿಟ್ಟು ಸಾಲುಸಾಲಾಗಿ ಓದುವಷ್ಟರಲ್ಲಿ ನಾನು ಐದು ಜನರನ್ನು ನೋಡಿ ಕಳಿಸುತ್ತಿದ್ದೆ. ‘ಮೇಷ್ಟ್ರು ಕಾಪಿ ತಿದ್ದುತ್ತಿದ್ದಾರೆ’ ಎಂದು ನರ್ಸುಗಳ ಮುಂದೆ ನಕ್ಕದ್ದೂ ಉಂಟು.

ನನ್ನ ಅಕ್ಕ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ; ಸಾಕ್ಷಿ ಮಾತಾಡುವಾಗ ಅವಳು ಏಳುವಂತಿಲ್ಲ. ಈ ಕಾಯಿಲೆ ಹಿಡಿದಾಗ ಮೊದಲು ಬಂದದ್ದು ನನ್ನ ಬಳಿಗೇ. ವ್ಯಾಯಾಮ ಹೇಳಿದೆ, ಮಾತ್ರೆ ಕೊಟ್ಟೆ, ಕಾಟ ಇಳಿಯದಿದ್ದಾಗ ಪ್ರಮಾಣ ಹೆಚ್ಚಿಸಿದೆ. ಮಾತ್ರೆಯಿಂದ ಬಾಯಿ ಒಣಗುತ್ತದೆಂದು ಅವಳು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದುದನ್ನು ಮಾತ್ರ ಕೇಳಿ ತಿಳಿಯಲಿಲ್ಲ. ಕಲಾಪದ ನಡುವೆ ಎದ್ದೆದ್ದು ಹೋಗುತ್ತಾಳೆಂದು ಅವಳನ್ನು ಕಡತಗಳ ಕೋಣೆಗೆ ಹಾಕಲು ಮೇಲಿನವರು ಯೋಚಿಸುತ್ತಿದ್ದರು. ಅವಳಿಗೆ ನ್ಯಾಯಾಧೀಶರೆದುರಿನ ಆ ಕುರ್ಚಿಯೇ ಜೀವ.

ಒಂದು ಗುರುವಾರ ನೋಡುತ್ತೇನೆ, ಎದುರಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದಾಳೆ ನನ್ನ ಅಕ್ಕ!

“ನಾನು ಇರಲಿಲ್ವಾ?” ಎಂದೆ.

“ಇದ್ದೆ ಕಣೋ. ಆದ್ರೆ ನಾನು ಬಾಯಿ ಬಿಡೋಕೆ ಮುಂಚೆನೇ ನೀನು ಚೀಟಿ ಬರೆದಿರ್ತೀಯ.”

ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ.

ನೋಟ್‌ಬುಕ್ಕಿನಲ್ಲಿ ನೀರಿನ ಲೆಕ್ಕ ಅವರಿಗೆ ಸಿಕ್ಕಿತು. ಮಾತ್ರೆ ನಿಲ್ಲಿಸಿದರು, ಕುಡಿಯುವುದನ್ನು ಹದಕ್ಕೆ ತಂದರು. ಕಾಟ ಅರ್ಧ ಇಳಿಯಿತು. ಉಳಿದರ್ಧಕ್ಕೆ ಕಾಲಿನ ಗಿಣ್ಣಿನ ಮೇಲೆ ಸಣ್ಣ ಸೂಜಿ ಹಾಕಿ, ನರಕ್ಕೆ ಮೆಲ್ಲನೆ ವಿದ್ಯುತ್ ಹರಿಸುವ ಚಿಕಿತ್ಸೆ: ವಾರಕ್ಕೊಮ್ಮೆ ಅರ್ಧ ಗಂಟೆ, ಹನ್ನೆರಡು ವಾರ. ಅದೂ ಸೋತರೆ ಮೂತ್ರಕೋಶಕ್ಕೇ ಕೊಡುವ ಚುಚ್ಚುಮದ್ದಿದೆ, ಚರ್ಮದಡಿ ಕೂರಿಸುವ ಪುಟ್ಟ ಯಂತ್ರವಿದೆ, ದಾರಿ ಮುಗಿದಿಲ್ಲವೆಂದು ಮೊದಲೇ ಧೈರ್ಯ ಹೇಳಿದ್ದರಂತೆ. ನನಗೂ ಗೊತ್ತಿದ್ದ ದಾರಿಗಳೇ ಅವು. ಹತ್ತನೆಯ ವಾರ ಅಕ್ಕ ಎರಡೂವರೆ ಗಂಟೆಯ ಸಾಕ್ಷ್ಯವನ್ನು ಏಳದೆ ಬರೆದು ಮುಗಿಸಿದಳು, ಕುರ್ಚಿ ಉಳಿಯಿತು. ಆ ಸಂತೋಷಕ್ಕೆ ಅವಳು ಮೊದಲು ಫೋನ್ ಮಾಡಿದ್ದು ಅವರಿಗೆ.

“ನಿಮ್ಮ ತಮ್ಮ ಕೊಟ್ಟ ಮಾತ್ರೆ ಸರಿಯಾದದ್ದೇ ಅಮ್ಮಾ, ಕೆಲವರಿಗೆ ಹಿಡಿಯಲ್ಲ ಅಷ್ಟೇ” ಎಂದು ನನ್ನ ಮಾನ ಕಾಯ್ದರಂತೆ. ಬೈದಿದ್ದರೆ ಹಾಯಾಗಿ ದ್ವೇಷಿಸಬಹುದಿತ್ತು. ಆ ಸುಖವನ್ನೂ ಅವರು ಕೊಡಲಿಲ್ಲ.

ಈಗಲೂ ತಿಂಗಳ ಮೊದಲ ಗುರುವಾರ ಅಕ್ಕನಿಗೆ ಸೂಜಿ ಬೇಕು. ಈ ತಿಂಗಳು ಅವರು ನನ್ನನ್ನು ಕರೆದು, “ಬನ್ನಿ ಡಾಕ್ಟ್ರೇ, ಇನ್ಮೇಲೆ ಇದು ನಿಮ್ಮ ಕೆಲಸ” ಎಂದು ಪಕ್ಕದಲ್ಲಿ ನಿಂತು ಕಲಿಸಿದರು. ಅಕ್ಕನ ಕಾಲ ಬಳಿ ಕುಳಿತು ಸೂಜಿ ಹಾಕಿ ಗುಂಡಿ ತಿರುಗಿಸಿದೆ. ಅವಳ ಹೆಬ್ಬೆರಳು ಮಡಚಿಕೊಂಡಿತು; ನರ ಸಿಕ್ಕಿತೆಂಬುದಕ್ಕೆ ಅದೇ ಗುರುತು. ಬೀಗುತ್ತ ತಲೆಯೆತ್ತಿದೆ.

ಅಕ್ಕ ನೋಡುತ್ತಿದ್ದದ್ದು ಅವರ ಮುಖವನ್ನು. “ಸರಿಯಾಗಿ ಹಾಕಿದ್ನಾ ಡಾಕ್ಟ್ರೇ?”

ಈ ಹಿರಿಯರು ಆಯುರಾರೋಗ್ಯದಿಂದ ನೂರು ವರ್ಷ ಬಾಳಲಿ. ಅವರ ಅನುಭವ ಗ್ರಂಥವಾಗಲಿ, ಅವರ ಕೈಯಲ್ಲಿ ಇನ್ನೂ ಹತ್ತಾರು ವೈದ್ಯರು ಪಳಗಲಿ. ತಿಂಗಳ ಮೊದಲ ಗುರುವಾರ ಮಾತ್ರ, ದಯಮಾಡಿ, ಆಸ್ಪತ್ರೆಯ ಕಡೆ ಸುಳಿಯದಿರಲಿ.